ಆಯಿಯ ತವರಿನ ಹೆಸರು

ನಮ್ಮ ಮನೆಯಲ್ಲಿ ಆಯಿಯದು ಒಂದೇ ಒಂದು ಫೋಟೋ ಇದೆ. ಮುತ್ಯಾ ಪಟಕಾ ಸುತ್ತಿ ಕುರ್ಚಿಯ ಮೇಲೆ ಕೂತಿದ್ದಾರೆ, ಆಯಿ ತಲೆ ತುಂಬ ಸೆರಗು ಹೊತ್ತು ಪಕ್ಕದಲ್ಲಿ ನಿಂತಿದ್ದಾಳೆ. ಹಿಂದೆ ಬಣ್ಣದ ಪರದೆ, ಅದರ ಮೇಲೆ ಯಾವುದೋ ಅರಮನೆಯ ಕಂಬಗಳು. ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನ ಜೊತೆ ಅದು ನನ್ನ ಪಾಲಿಗೆ ಬಂತು. ಹಿಂಬದಿಯ ರಟ್ಟಿನ ಮೇಲೆ ಮೋಡಿ ಅಕ್ಷರದಲ್ಲಿ ಒಂದೂವರೆ ಸಾಲು ಬರೆದಿತ್ತು. ಓದಬಲ್ಲವರನ್ನು ಹುಡುಕಿಕೊಂಡು ಜಮಖಂಡಿಗೆ ಹೋದೆ. ಅಲ್ಲಿ ವಯಸ್ಸಾದ ಮಾಸ್ತರರೊಬ್ಬರು ಭೂತಗನ್ನಡಿ ಹಿಡಿದು ಓದಿ ಹೇಳಿದರು: ಮುತ್ಯಾನ ಹೆಸರು, ಊರು ಬನಹಟ್ಟಿ, ಇಸವಿ 1941, ಕೊನೆಗೆ ‘ಸಪತ್ನೀಕ’.

ಸಪತ್ನೀಕ ಎಂದರೆ ಹೆಂಡತಿ ಸಮೇತ. ಕೊಡೆ ಸಮೇತ, ಕೋಲು ಸಮೇತ ಎಂದಹಾಗೆ.

ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು, ಆಯಿಯ ತವರಿನ ಹೆಸರು ನನಗೆ ಗೊತ್ತೇ ಇಲ್ಲ. ನಾವು ಬಲ್ಲದ್ದು ಲಗ್ನದಲ್ಲಿ ಅತ್ತೆಯ ಮನೆಯವರು ಇಟ್ಟ ಹೆಸರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈ ರೂಢಿ ಇತ್ತು. ನಿಮ್ಮ ಅಜ್ಜಿಯದೂ ಹೀಗೇ ಆಗಿರಬಹುದು, ಕೇಳಿ ನೋಡಿ.

ಸುಗ್ಗಿ ಮುಗಿದ ಮೇಲೆ ನಮ್ಮ ಊರುಗಳಿಗೆ ಹೆಳವರು ಬರುತ್ತಾರೆ. ಮನೆತನಗಳ ವಂಶಾವಳಿ ಹೇಳಿ ಕಾಳು, ಬಟ್ಟೆ, ರೊಕ್ಕ ಪಡೆಯುವುದು ಅವರ ಕಸುಬು. ಒಂದು ಕಾಲಕ್ಕೆ ಎತ್ತಿನ ಮೇಲೆ ಬರುತ್ತಿದ್ದರು. ನಮ್ಮ ಮನೆತನದ ಹೆಳವ ಬಂದಾಗ ಪುಸ್ತಕ ತೆರೆಸಿದೆ. ಒಂಬತ್ತು ತಲೆಮಾರಿನ ಗಂಡಸರು, ಅವರ ಅಣ್ಣತಮ್ಮಂದಿರು, ಯಾರು ಎಲ್ಲಿಂದ ಬಂದು ಬನಹಟ್ಟಿಯಲ್ಲಿ ಮಗ್ಗ ಹೂಡಿದರು ಎಂಬುದನ್ನೆಲ್ಲ ರಾಗವಾಗಿ ಓದಿದ. ಹೆಂಗಸರ ವಿಚಾರ ಕೇಳಿದರೆ, ಕೆಲವರಿಗೆ ಮಾತ್ರ ತವರಿನ ಊರು ಬರೆದಿತ್ತು, ಹೆಸರಿರಲಿಲ್ಲ. ಅವನ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ. ನಾವು ಹೇಳಿ ಬರೆಸಿದ್ದನ್ನೇ ಅವನು ಓದಿದ್ದ.

ದಾರಿ ತೋರಿಸಿದ್ದು ಸೋದರತ್ತೆ. ಎಂಬತ್ತು ದಾಟಿದೆ, ಹುಟ್ಟಿದ್ದು ನೇಕಾರರ ಮನೆಯಲ್ಲಿ, ಕೊಟ್ಟದ್ದು ರಬಕವಿಯ ನೇಕಾರರ ಮನೆಗೆ. ಫೋಟೋವನ್ನು ಬೆಳಕಿಗೆ ಹಿಡಿದು ಮುಖ ನೋಡುವ ಮೊದಲು ಸೀರೆ ನೋಡಿದಳು.

“ಇದು ನಮ್ಮ ಮಗ್ಗದ್ದಲ್ಲ ಯವ್ವಾ. ಇಳಕಲ್ ಸೀರಿ. ಸೆರಗಿನ್ಯಾಗ ತೆನಿ ಕಾಣಸ್ತಾವ ನೋಡು.”

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಏಳುತ್ತದೆ. ಮನೆ ತುಂಬ ಹತ್ತಿ ಸೀರೆ ನೇಯುವವರ ಸೊಸೆ ಫೋಟೋಕ್ಕೆ ಉಟ್ಟದ್ದು ತವರಿನವರು ಕೊಟ್ಟ ಸೀರೆ! ತವರು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ ಎಂದು ಅತ್ತಿ ಹೇಳಿದಳು. ಹೆಸರು ಅವಳಿಗೂ ಗೊತ್ತಿರಲಿಲ್ಲ. “ಅವ್ವಗ ಅವ್ವಾ ಅಂತಿದ್ವಿ. ಹೆಸರ ತಗೊಂಡ ಏನ್ ಮಾಡೂದಿತ್ತು?”

ಆಯಿಯ ತಂಗಿಯನ್ನು ಮುಧೋಳಕ್ಕೆ ಕೊಟ್ಟಿತ್ತು. ಆ ಮನೆಯ ಹಿರಿಯ ಸೊಸೆಯನ್ನು ಕಂಡೆ. ಆ ಅಜ್ಜಿಯೂ ಬರೇ ‘ಅಕ್ಕ’ ಎನ್ನುತ್ತಿದ್ದಳಂತೆ. ಆದರೆ ಒಂದು ಮಾತು ಸಿಕ್ಕಿತು: ಅಕ್ಕತಂಗಿಯರಿಬ್ಬರೂ ಕನ್ನಡ ಶಾಲೆಗೆ ಹೋಗುತ್ತಿದ್ದರು, ಅಕ್ಕ ಪಾಟಿಯ ಮೇಲೆ ಬರೆದದ್ದನ್ನು ತಂಗಿ ಅಳಿಸುತ್ತಿದ್ದಳು.

ಇಲ್ಲಿ ಸ್ವಲ್ಪ ನಿಂತು ನಮ್ಮ ಸೀಮೆಯ ಸಂಗತಿ ಹೇಳಬೇಕು. ಒಂದು ಹಗಲಿನ ಬಂಡಿ ಹಾದಿಯಷ್ಟರಲ್ಲಿ ಆಗ ನಾಲ್ಕು ಸರಕಾರಗಳು. ಜಮಖಂಡಿ ಪಟವರ್ಧನರ ಸಂಸ್ಥಾನ, ಬನಹಟ್ಟಿ ಅದರೊಳಗೆ. ಪಕ್ಕಕ್ಕೇ ಹತ್ತಿದ ರಬಕವಿ ಸಾಂಗಲಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆ. 1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಎಲ್ಲ ಮೈಸೂರು ರಾಜ್ಯಕ್ಕೆ ಬಂದವು, 1997ರಿಂದ ಬಾಗಲಕೋಟೆ ಜಿಲ್ಲೆ. ಬೀಳಗಿಯಿಂದ ಬನಹಟ್ಟಿಗೆ ಬಂದ ಸೊಸೆ ಸರಕಾರವನ್ನೇ ಬದಲಿಸಿದಂತೆ. ಅವಳ ಅಕ್ಷರ ಕನ್ನಡ, ಗಂಡನ ಮನೆಯ ದರಬಾರಿ ಕಾಗದವೆಲ್ಲ ಮರಾಠಿ.

ಆಯಿಯ ಹಳ್ಳಿ ಈಗ ಇಲ್ಲ, ಆಲಮಟ್ಟಿಯ ಹಿನ್ನೀರಿನಲ್ಲಿ ಹೋಯಿತು. ಗುಡಿ, ಬಾವಿ, ಮನೆ ಎಲ್ಲ ನೀರೊಳಗೆ. ಆದರೆ ಶಾಲೆಯ ಟ್ರಂಕುಗಳನ್ನು ಯಾರೋ ಪುಣ್ಯಾತ್ಮರು ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದ್ದರು. ಅಂಚು ಗೆದ್ದಲು ತಿಂದ ಜನರಲ್ ರಜಿಸ್ಟರಿನಲ್ಲಿ ಆಯಿಯ ತಂದೆಯ ಹೆಸರಿನ ಮುಂದೆ ಎರಡು ಹುಡುಗಿಯರು. ದೊಡ್ಡವಳು 1932ರಲ್ಲಿ ಸೇರಿದ್ದಾಳೆ, 1936ರಲ್ಲಿ ಬಿಟ್ಟಿದ್ದಾಳೆ. ಮೂರನೇ ಇಯತ್ತೆ. ಬಿಟ್ಟ ಕಾರಣದ ಕಲಮಿನಲ್ಲಿ ಒಂದೇ ಶಬ್ದ: ಲಗ್ನ.

ಹುಟ್ಟಿದ ತಾರೀಖಿನಿಂದ ಎಣಿಸಿದೆ. ಹನ್ನೊಂದು ವರ್ಷ. ಶಾರದಾ ಕಾಯ್ದೆ 1930ರಿಂದಲೇ ಜಾರಿಯಲ್ಲಿತ್ತು, ಹುಡುಗಿಗೆ ಹದಿನಾಲ್ಕು ತುಂಬಬೇಕಿತ್ತು. ಆದರೆ ಅದು ಆಗ ಬ್ರಿಟಿಷ್ ಮುಲುಕಿಗಷ್ಟೇ. ಅತ್ತಿ ಹಿಂದೆಂದೋ ಹೇಳಿದ್ದ ಮಾತು ನೆನಪಾಯಿತು: “ಲಗ್ನಾ ಬನಹಟ್ಟ್ಯಾಗ ಆತು. ಇಲ್ಲಾದ್ರ ಕೇಳಾವರಿಲ್ಲ ಅಂದಿದ್ರಂತ.” ಆಗ ನಾನು ಅದನ್ನು ಖರ್ಚಿನ ಮಾತು ಅಂದುಕೊಂಡಿದ್ದೆ.

ಇನ್ನು ಹೆಸರು. ಅದನ್ನು ಓದಿದಾಗ ಮೊದಲು ಏನೋ ತಪ್ಪಾಗಿದೆ ಎನಿಸಿತು. ಆ ಹೆಸರು ನಮ್ಮ ಟ್ರಂಕಿನ ಕಾಗದಗಳಲ್ಲಿ ಹತ್ತಾರು ಸಲ ಬಂದಿದೆ. ಮುತ್ಯಾ ಚಿಕ್ಕವನಿದ್ದಾಗ ಅವನ ತಂದೆ ತೀರಿಕೊಂಡು ತಾಯಿ ಪಾಲಕಳಾದಳು. 1928ರ ಮರಾಠಿ ಕಾಗದದಲ್ಲಿ ಮಗನ ಹೆಸರಿನ ಮುಂದೆ ‘ಅ.ಪಾ.ಕ.’ ಎಂದು ಬರೆದು ಅವಳ ಹೆಸರು ಹಾಕಿದೆ. ಅದೇ ಹೆಸರು! ಅತ್ತೆ ಸೊಸೆ ಇಬ್ಬರದೂ ಒಂದೇ. ಸೊಸೆಯನ್ನು ಆ ಹೆಸರಿಂದ ಕರೆದರೆ ಹಿರಿಯಳ ಹೆಸರು ಹಿಡಿದು ಕೂಗಿದಂತೆ, ಬೈದರೆ ಅವಳನ್ನೇ ಬೈದಂತೆ. ಹಾಗಾಗಿ ಚಿಕ್ಕವಳ ಹೆಸರು ಹೋಯಿತು. ಹೆಸರೇನೆಂದು ಇಲ್ಲಿ ಬರೆಯಲಾರೆ. “ಪುಸ್ತಕದಾಗ ಹಾಕಬ್ಯಾಡ” ಎಂದು ಅತ್ತಿ ಮಾತು ತೆಗೆದುಕೊಂಡಿದ್ದಾಳೆ.

ಅದೇ ಟ್ರಂಕಿನಲ್ಲಿ 1961ರ ವಾಟಣಿ ಪತ್ರವಿದೆ. ಮುತ್ಯಾ ತೀರಿದ ಮೇಲೆ ಮೈದುನನೊಡನೆ ಮನೆ ಪಾಲಾದಾಗ ಬರೆದದ್ದು. ಆಯಿಯ ಲಗ್ನದ ಹೆಸರಿನ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಮೂರನೇ ಇಯತ್ತೆ ಕಲಿತವಳು, ತಂಗಿಯ ಮುಂದೆ ಪಾಟಿ ತುಂಬ ಬರೆಯುತ್ತಿದ್ದವಳು. ಆ ಕಾಗದವನ್ನು ನಾನು ಎಷ್ಟೋ ಸಲ ನೋಡಿ ‘ಪಾಪ, ಅಕ್ಷರ ಬರುತ್ತಿರಲಿಲ್ಲ’ ಎಂದು ಮಡಿಚಿಟ್ಟಿದ್ದೆ.

ರಜಿಸ್ಟರಿನ ಝೆರಾಕ್ಸ್ ಒಯ್ದು ಅತ್ತಿಗೆ ತೋರಿಸಿದೆ. ಕಣ್ಣು ಮಸುಕು, ಓದಿ ಹೇಳಬೇಕಾಯಿತು. ಎರಡು ಸಲ ಓದಿಸಿದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದಳು. ಹೊರಗೆ ಪವರ್‌ಲೂಮಿನ ಸದ್ದು ನಡೆದೇ ಇತ್ತು.

“ನಮ್ಮ ಓಣ್ಯಾಗ ಯಾರರ ನಮ್ಮ ಆಯೀನ ಹೆಸರ ಹಿಡದ ಕೂಗಿದ್ರ, ಅವ್ವ ಒಲಿ ಮುಂದ ಕುಂತಕಿ ಹೊಳ್ಳಿ ನೋಡತಿದ್ಲು. ಆಮ್ಯಾಲ ಮತ್ತ ರೊಟ್ಟಿ ಬಡಿತಿದ್ಲು. ನಾವು ಅವ್ವನ ಕಿವಿ ಭಾಳ ಚುರುಕು ಅಂತಿದ್ವಿ.”