ಮೆಟ್ಟು ಕೇಳಿಕೊಂಡು ಬಂದ ಪಿಶಾಚಿ

ರಕ್ತ ಹೀರುವ ಪಿಶಾಚಿ ಹುಟ್ಟಾ ಚೆಲುವನೇನಲ್ಲ. ಯುರೋಪಿನ ಸರ್ಕಾರಿ ಕಾಗದಗಳಲ್ಲಿ ಅವನ ಸುದ್ದಿ ಮೊದಮೊದಲು ಬಂದಾಗ ಅವನೊಬ್ಬ ಸಾಮಾನ್ಯ ರೈತ. ಸೆರ್ಬಿಯಾದ ಕಿಸಿಲ್ಯೆವೊ ಹಳ್ಳಿಯವನು, ಹೆಸರು ಪೀಟರ್ ಬ್ಲಾಗೊಯೆವಿಚ್. 1725ರಲ್ಲಿ, ಅವನನ್ನು ಹೂತು ಹತ್ತು ವಾರವಾಗಿದ್ದಾಗ, ಎಂಟೇ ದಿನದಲ್ಲಿ ಊರಿನ ಒಂಬತ್ತು ಜನ ತೀರಿಕೊಂಡರು. ಮಲಗಿದ್ದಾಗ ಪೀಟರ್ ಬಂದು ಕುತ್ತಿಗೆ ಹಿಸುಕಿದ ಎಂದು ಸಾಯುವ ಮುನ್ನ ಅವರು ಹೇಳಿದ್ದರಂತೆ. ಅವನ ಹೆಂಡತಿ ಹೇಳಿದ್ದು ಇನ್ನೂ ವಿಚಿತ್ರ. ಗಂಡ ತನ್ನ ಮೆಟ್ಟು ಕೇಳಿಕೊಂಡು ಬಂದಿದ್ದನಂತೆ! ಆಕೆ ಊರನ್ನೇ ಬಿಟ್ಟಳು.

ಆಗ ಅಲ್ಲಿ ಆಸ್ಟ್ರಿಯಾದವರ ಆಡಳಿತ. ಫ್ರೋಂಬಾಲ್ಡ್ ಎಂಬ ಅಧಿಕಾರಿಯ ಎದುರಿಗೇ ಗೋರಿ ಅಗೆದರು. ಮೂಗು ಕುಸಿದಿತ್ತು, ಬಾಯಲ್ಲಿ ರಕ್ತವಿತ್ತು ಎಂದು ಅವನು ವರದಿ ಮಾಡಿದ. ಊರವರು ಹೆಣದ ಎದೆಗೆ ಗೂಟ ಹೊಡೆದು ಸುಟ್ಟರು. ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಹೊಣೆ ತನ್ನದಲ್ಲ, ಹೆದರಿ ತಲೆಕೆಟ್ಟ ಜನರದ್ದು ಎಂದು ಸೇರಿಸಿ ಫ್ರೋಂಬಾಲ್ಡ್ ಕೈತೊಳೆದುಕೊಂಡ. ಅಧಿಕಾರಿಗಳು ಎಲ್ಲ ಕಾಲಕ್ಕೂ ಅಧಿಕಾರಿಗಳೇ.

ಈ ಮೂಗು ಕುಸಿದ ರೈತನ ಮೇಲೆ ಯಾವ ಹುಡುಗಿಗೆ ಮನಸ್ಸಾದೀತು? ಅವನಿಗೆ ಒಳ್ಳೆಯ ಬಟ್ಟೆ ತೊಡಿಸಿ ಲಾರ್ಡ್ ಮಾಡಿದವನು ಜಾನ್ ಪೊಲಿಡೋರಿ, ಕವಿ ಬೈರನ್‌ನ ಖಾಸಗಿ ವೈದ್ಯ. 1816ರ ಬೇಸಿಗೆಯಲ್ಲಿ ಅವನಿಗೆ ಇಪ್ಪತ್ತು ವರ್ಷ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಯುರೋಪಿನ ಬೇಸಿಗೆಯೇ ಕೆಟ್ಟಿತ್ತು. ಜಿನೀವಾ ಸರೋವರದ ದಡದ ಬಾಡಿಗೆ ಬಂಗಲೆಯಲ್ಲಿ ಮಳೆಗೆ ಸಿಕ್ಕಿಕೊಂಡ ಬೈರನ್ ಮತ್ತವನ ಗೆಳೆಯರು ದೆವ್ವದ ಕಥೆ ಕಟ್ಟಲು ಕೂತರು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಅಲ್ಲೇ. ಬೈರನ್ ಒಂದು ಪಿಶಾಚಿ ಕಥೆ ಶುರುಮಾಡಿ ಬೇಸರ ಬಂದು ಬಿಟ್ಟ. ಪೊಲಿಡೋರಿ ಅದನ್ನು ಎತ್ತಿಕೊಂಡ.

ಧಣಿಯ ಮೇಲಿನ ಸಿಟ್ಟೆಲ್ಲ ಆ ಕಥೆಗೆ ಇಳಿಯಿತು. ಅವನ ಲಾರ್ಡ್ ರುತ್ವೆನ್ ಬಿಳಿಚಿದ ಮುಖದವನು, ಸತ್ತ ಕಣ್ಣಿನವನು, ಲಂಡನ್ನಿನ ದೊಡ್ಡ ಮನೆಗಳ ಔತಣಕ್ಕೆ ಬೇಕಾದವನು. ಹೆಸರನ್ನೂ ಎತ್ತಿಕೊಂಡದ್ದು ಬೈರನ್ ಕೈಬಿಟ್ಟ ಪ್ರೇಯಸಿ ಕ್ಯಾರೊಲಿನ್ ಲ್ಯಾಂಬ್ ಅವನನ್ನು ಹಂಗಿಸಿ ಬರೆದ ಕಾದಂಬರಿಯಿಂದ. ಇಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಎಂಬ ಎಚ್ಚರಿಕೆ ಪೊಲಿಡೋರಿಯ ಕಥೆಯಲ್ಲಿತ್ತು. ಆದರೆ 1819ರಲ್ಲಿ ಪತ್ರಿಕೆಯವರು ಕಥೆಯನ್ನು ಬೈರನ್ ಹೆಸರಿನಲ್ಲೇ ಅಚ್ಚು ಹಾಕಿದರು. ಓದುಗರು ಮುಗಿಬಿದ್ದರು, ರುತ್ವೆನ್‌ಗೆ ಮರುಳಾದರು. ಪೊಲಿಡೋರಿ ಎರಡು ವರ್ಷದ ಮೇಲೆ, ಇಪ್ಪತ್ತೈದಕ್ಕೇ ತೀರಿಕೊಂಡ. 1820ರಲ್ಲಿ ಇದೇ ಕಥೆ ಲಂಡನ್ನಿನ ರಂಗದ ಮೇಲೆ ಬಂದಾಗ ಪಿಶಾಚಿ ಸ್ಕಾಟ್ಲೆಂಡಿನವನಾಗಿದ್ದ. ಕಂಪನಿಯ ಪೆಟ್ಟಿಗೆಯಲ್ಲಿ ಸ್ಕಾಟಿಷ್ ಉಡುಪು ಸಿದ್ಧವಿತ್ತು, ಅಷ್ಟೇ.

ಡ್ರಾಕುಲನದು ನಡುವಿನ ಒಂದು ಹಿನ್ನಡೆ ಎನ್ನಬೇಕು. 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಅವನು ಬಿಳಿ ಮೀಸೆಯ ಮುದುಕ, ಅಂಗೈಯಲ್ಲಿ ಕೂದಲು, ಬಾಯಿ ವಾಸನೆ ಬೇರೆ. ನಾಟಕ, ಸಿನಿಮಾದವರು ಕಪ್ಪು ಮೇಲಂಗಿ ಹೊದಿಸಿ ಅವನನ್ನೂ ಸಭ್ಯಸ್ಥನನ್ನಾಗಿ ಮಾಡಿದರು. 1967ರಲ್ಲಿ ಅಮೆರಿಕದ ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿಗೆ ಕೆಲವೇ ವಾರಕ್ಕೆಂದು ತಂದ ಬಾರ್ನಬಸ್ ಎಂಬ ಪಿಶಾಚಿಗೆ ಅಭಿಮಾನಿಗಳ ಕಾಗದ ಬಂದು ಬಿದ್ದವು. ಅವನು ತನ್ನ ಪಾಡಿಗೆ ತಾನೇ ಮರುಗುತ್ತಿದ್ದ. ಕೊರಗುವ ಪಿಶಾಚಿಗೆ ಗಿರಾಕಿ ಹೆಚ್ಚು ಎಂದು ಆಗ ಗೊತ್ತಾಯಿತು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವಳು. ಡ್ರಾಕುಲನ ಹೆಸರೆತ್ತಿದರೆ ಆಕಳಿಸುತ್ತಿದ್ದ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಒಂದು ಕಪ್ಪು ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮುಖಪುಟದಲ್ಲಿ ಎರಡು ಬಿಳಿಚಿದ ಕೈ, ನಡುವೆ ಕೆಂಪು ಸೇಬು. ಸ್ಟೆಫನಿ ಮೇಯರ್ 2005ರಲ್ಲಿ ಪ್ರಕಟಿಸಿದ ‘ಟ್ವೈಲೈಟ್’. ನಾಯಕ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. 1918ರ ಸ್ಪ್ಯಾನಿಷ್ ಫ್ಲೂನಲ್ಲಿ ಸಾಯುವ ಹೊತ್ತಿಗೆ ಪಿಶಾಚಿಯಾದವನು, ಅಂದಿನಿಂದ ಹದಿನೇಳೇ ವಯಸ್ಸು. ಅಜ್ಜನ ಪ್ರಾಯದವನು ಹೈಸ್ಕೂಲಿನಲ್ಲಿ ಏನು ಮಾಡುತ್ತಾನೆ ಎಂದು ನಾನು ರೇಗಿಸಿದರೆ ಒಬ್ಬಳು, “ಮೇಡಂ, ಅವನು ಕಚ್ಚಬಹುದು, ಆದ್ರೆ ಕಚ್ಚಲ್ಲ. ಅದೇ ಅಲ್ವಾ ಚೆಂದ?” ಅಂದಳು.

ಆ ಮಾತನ್ನು ತಳ್ಳಿಹಾಕುವಂತಿಲ್ಲ. ಕೈಲಾಗುವ ಕೇಡನ್ನು ತನಗೋಸ್ಕರ ತಡೆದುಕೊಳ್ಳುವ ಗಂಡಸು ಯಾವ ಹದಿಹರೆಯದವಳಿಗೆ ಬೇಡ? ಆದರೆ ಎಡ್ವರ್ಡ್ ತಡೆದುಕೊಳ್ಳುವುದು ಕಚ್ಚುವುದೊಂದನ್ನೇ. ತಾನು ಪ್ರೀತಿಸುವ ಬೆಲ್ಲಾ ಮಲಗಿದ್ದಾಗ ಅವಳಿಗೇ ತಿಳಿಯದಂತೆ ಕೋಣೆಗೆ ನುಗ್ಗಿ ರಾತ್ರಿಯೆಲ್ಲ ನೋಡುತ್ತಾ ಕೂರುತ್ತಾನೆ. ಇದೇ ಕಥೆಯನ್ನು ಅವನ ಬಾಯಿಂದ ಹೇಳಿಸಿದ 2020ರ ‘ಮಿಡ್‌ನೈಟ್ ಸನ್’ನಲ್ಲಿ, ಕಿಟಕಿ ಸದ್ದು ಮಾಡಿತೆಂದು ಮುಂದಿನ ಸಲ ಎಣ್ಣೆ ತರಬೇಕು ಅಂದುಕೊಳ್ಳುತ್ತಾನೆ. ಸರಣಿಯ ಇನ್ನೊಂದು ಪುಸ್ತಕದಲ್ಲಿ, ಇನ್ನೊಬ್ಬ ಹುಡುಗನನ್ನು ಕಾಣಲು ಹೋಗದಂತೆ ಅವಳ ಗಾಡಿಯ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತಾನೆ. ಪೀಟರ್ ಮಾಡಿದ್ದೂ ರಾತ್ರಿ ಮಲಗಿದ್ದವರ ಬಳಿಗೆ ಬಂದದ್ದೇ ಅಲ್ಲವೆ? ಅವನಿಗೆ ಗೂಟ ಬಿತ್ತು, ಇವನಿಗೆ ಹೆಣ್ಣು ಕೊಟ್ಟರು. ಹೊಳೆಯುವ ಮೈ, ದುಬಾರಿ ಕಾರು, ಡಾಕ್ಟರ್ ಅಪ್ಪ ಇವನಿಗುಂಟು. ಅವನಿಗೆ ಮೆಟ್ಟೂ ಇರಲಿಲ್ಲ.

ಕೋರೆಹಲ್ಲಿಗೆ ನಾನು ಹೆದರಿದವಳಲ್ಲ, ಆ ಎಣ್ಣೆಯ ಯೋಚನೆಗೆ ಹೆದರಿದೆ. ಹಾಗಂತ ಪುಸ್ತಕ ಕಿತ್ತಿಡಿ ಎನ್ನುವುದಿಲ್ಲ. ಕಿತ್ತಿಟ್ಟ ಪುಸ್ತಕವನ್ನು ಮಕ್ಕಳು ಎರಡು ಸಲ ಓದುತ್ತಾರೆ. ಮನೆಯಲ್ಲಿ ಎಡ್ವರ್ಡ್‌ನನ್ನು ಮೆಚ್ಚಿದ ಹುಡುಗಿಯಿದ್ದರೆ ಅವಳ ಕೈಗೆ ಪೊಲಿಡೋರಿಯ ಕಥೆಯನ್ನೂ ಕೊಡಿ. ಚಿಕ್ಕದು, ಒಂದು ಮಧ್ಯಾಹ್ನ ಸಾಕು.