ಉಪಾಧ್ಯಾಯ, ಕಟ್ಟಡ, ಊಟ: ಸರ್ಕಾರಿ ಪ್ರಾಥಮಿಕ ಶಾಲೆಯ ಹೊರೆಯನ್ನು ಹೊತ್ತವರು

ಕನ್ನಡ ನಾಡಿನ ಆಧುನಿಕ ಶಿಕ್ಷಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಾಲೆಗಳ ಸಂಖ್ಯೆಯನ್ನೂ ಅಕ್ಷರಸ್ಥರ ಪ್ರಮಾಣವನ್ನೂ ಮುಂದಿಟ್ಟುಕೊಂಡು ಬರೆದಿದ್ದಾರೆ. ಈ ಅಂಕಿಗಳಿಂದ ಪ್ರಗತಿಯ ಗತಿ ತಿಳಿದುಬರುವುದೇನೋ ನಿಜ. ಆದರೆ ಉಪಾಧ್ಯಾಯರಿಗೆ ಸಂಬಳ ಕೊಟ್ಟವರು ಯಾರು, ಮಳೆಗಾಲದಲ್ಲಿ ಮಕ್ಕಳು ಕುಳಿತ ಸೂರು ಯಾರದು, ಮಧ್ಯಾಹ್ನ ಹಸಿದ ಮಗು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳಿಗೆ ಅವು ಉತ್ತರ ಕೊಡಲಾರವು. ಒಂದು ಶಾಲೆ ನಡೆಯಬೇಕಾದರೆ ಹಲವು ಹೊರೆಗಳನ್ನು ಯಾರಾದರೂ ಹೊರಲೇಬೇಕು. ಇವುಗಳಲ್ಲಿ ಯಾವುದನ್ನು ಸರ್ಕಾರ ಹೊತ್ತಿತು, ಯಾವುದನ್ನು ಊರಿಗೂ ಮನೆಗೂ ಬಿಟ್ಟಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಹೊರಟಿದ್ದೇವೆ. ಸರ್ಕಾರವು ಹೊರದೆ ಬಿಟ್ಟ ಭಾಗವೇ ಪ್ರತಿಯೊಂದು ಕಾಲದಲ್ಲಿಯೂ ಯಾವ ಮಗು ಶಾಲೆಯ ಹೊರಗುಳಿಯಬೇಕೆಂಬುದನ್ನು ನಿರ್ಧರಿಸಿತು ಎಂಬುದು ನಮ್ಮ ಅಭಿಪ್ರಾಯ.

1

ಸರ್ಕಾರವು ವಿದ್ಯೆಯ ವಿಷಯದಲ್ಲಿ ಕೈಹಾಕುವುದಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿ ಶಾಲೆಗಳೇ ಇರಲಿಲ್ಲವೆಂದು ತಿಳಿಯಬಾರದು. ಹಳೆಯ ಮೈಸೂರಿನ ಕೂಲಿಮಠ, ಕರಾವಳಿಯ ಐಗಳ ಮಠ, ಉತ್ತರ ಭಾಗದ ಗಾಂವಠಿ ಶಾಲೆ ಇವೆಲ್ಲ ತಕ್ಕಮಟ್ಟಿಗೆ ಓದು, ಬರಹ, ಲೆಕ್ಕಗಳನ್ನು ಕಲಿಸುತ್ತಿದ್ದುವು. ಅಲ್ಲಿ ಐಗಳ ಜೀವನ ತಂದೆತಾಯಿಗಳು ಕೊಡುವ ದವಸಧಾನ್ಯದಿಂದಲೂ ಹಬ್ಬಹರಿದಿನಗಳ ಕಾಣಿಕೆಯಿಂದಲೂ ಸಾಗುತ್ತಿತ್ತು. ಶಾಲೆಗೆಂದೇ ಕಟ್ಟಿದ ಮನೆ ಇರುತ್ತಿದ್ದುದು ಅಪರೂಪ. ಗುಡಿಯ ಜಗಲಿ, ಮಠದ ಪಡಸಾಲೆ, ಊರ ಚಾವಡಿ ಇವೇ ಪಾಠದ ಸ್ಥಳಗಳು. ಹೊರೆಯೆಲ್ಲ ಊರಿನದೇ ಆಗಿದ್ದುದರಿಂದ, ಕೊಡಬಲ್ಲವರ ಮಕ್ಕಳು ಓದಿದರು. ಜಗಲಿಯನ್ನು ಏರಲು ಅನುಮತಿಯಿದ್ದವರ ಮಕ್ಕಳು ಮಾತ್ರವೇ ಓದಿದರು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಸ್ಥಾಪಿಸಿದ ಇಂಗ್ಲಿಷ್ ಶಾಲೆಯಲ್ಲಿ ಶುಲ್ಕವಿರಲಿಲ್ಲ. ಆದರೆ ಅದು ರಾಜಧಾನಿಯ ಶಾಲೆ. 1854ರ ವುಡ್ಡನ ಶಿಕ್ಷಣಪತ್ರದ ತರುವಾಯ ಮುಂಬಯಿ ಪ್ರಾಂತದಲ್ಲಿ 1855ರಲ್ಲಿಯೂ ಮೈಸೂರಿನಲ್ಲಿ 1857ರಲ್ಲಿಯೂ ವಿದ್ಯಾ ಇಲಾಖೆಗಳು ಏರ್ಪಟ್ಟುವು. ಆದರೂ ಮೊದಮೊದಲು ಸರ್ಕಾರದ ಶಾಲೆಗಳು ಪಟ್ಟಣಗಳನ್ನು ಬಿಟ್ಟು ಬಹುದೂರ ಹೋಗಲಿಲ್ಲ. ಈ ಕೊರತೆಯನ್ನು ಕಂಡು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟವರು ಬಿ. ಎಲ್. ರೈಸ್. ಚರಿತ್ರೆಯ ವಿದ್ಯಾರ್ಥಿಗಳಿಗೆ ರೈಸರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಮೂಲಕ ಸುಪರಿಚಿತರು. ಅವರು ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಹಳ್ಳಿಹಳ್ಳಿಗಳನ್ನು ಸುತ್ತುತ್ತಿದ್ದಾಗಲೇ ಶಾಸನಗಳತ್ತ ಅವರ ಮನಸ್ಸು ಹರಿಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

2

ಹೋಬಳಿ ಯೋಜನೆಯ ತಿರುಳು ಸರಳವಾದುದು. ಪ್ರತಿ ಹೋಬಳಿಗೊಂದು ಶಾಲೆ. ಅದರ ಉಪಾಧ್ಯಾಯರಿಗೆ ಸರ್ಕಾರದ ಸಂಬಳ. ಆದಷ್ಟುಮಟ್ಟಿಗೆ ಹಳೆಯ ಮಠಗಳ ಐಗಳನ್ನೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತು ಕೊಟ್ಟು ಕಳುಹಿಸುವುದು. ಶಾಲೆಯ ಮನೆಯನ್ನು ಮಾತ್ರ ಊರವರೇ ಒದಗಿಸಬೇಕು. ಬೊಕ್ಕಸದ ಮಿತಿಯನ್ನು ನೆನೆದರೆ ಇದೊಂದು ವಿವೇಕದ ಏರ್ಪಾಡೆಂದೇ ಹೇಳಬೇಕು. ಶಾಲೆ ತಮ್ಮದೆಂಬ ಭಾವನೆ ಊರವರಲ್ಲಿ ಬೆಳೆಯಲೆಂಬ ಸದಾಶಯವನ್ನೂ ಇದರಲ್ಲಿ ಕಾಣಬಹುದು. ಐಗಳನ್ನು ಹೊರದೂಡದೆ ಒಳಗೆ ಸೇರಿಸಿಕೊಂಡುದು ಯೋಜನೆಯ ದೊಡ್ಡ ಗುಣ.

ಆದರೆ ಮನೆಯನ್ನು ಊರವರು ಕೊಡಬೇಕೆಂಬ ನಿಬಂಧನೆಯ ಪರಿಣಾಮವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಮನೆ ಕೊಡಬಲ್ಲ ಊರು ಅನುಕೂಲವಿದ್ದ ಊರು. ಆ ಊರಿನಲ್ಲಿಯೂ ಮನೆ ಕೊಡಬಲ್ಲವರು ಪಟೇಲರು, ಶಾನುಭೋಗರು, ಸಾಹುಕಾರರು, ಇಲ್ಲವೇ ಗುಡಿಯ ಧರ್ಮದರ್ಶಿಗಳು. ಸೂರು ಯಾರದೋ, ಹೊಸ್ತಿಲಿನ ಮೇಲೆ ಅಧಿಕಾರವೂ ಅವರದೇ. ಅಸ್ಪೃಶ್ಯರೆಂದು ಎಣಿಸಲ್ಪಟ್ಟವರು ಕಾಲಿಡಲಾಗದ ಜಗಲಿಯ ಮೇಲೆ ಶಾಲೆ ಕೂಡಿದರೆ, ಅವರ ಮಕ್ಕಳನ್ನು ಹೊರಗಿಡಲು ಬೇರೆ ಯಾವ ಆಜ್ಞೆಯೂ ಬೇಕಾಗಿರಲಿಲ್ಲ. ಸರ್ಕಾರದ ಸಂಬಳ ಪಡೆಯುವ ಉಪಾಧ್ಯಾಯರು ಎಲ್ಲರಿಗೂ ಸೇರಿದವರು. ಅವರು ಪಾಠ ಹೇಳುವ ಜಾಗ ಎಲ್ಲರಿಗೂ ಸೇರಿದುದಲ್ಲ. ಮೇಲ್ನೋಟಕ್ಕೆ ಇಟ್ಟಿಗೆ, ಹೆಂಚುಗಳ ವೆಚ್ಚದ ಪ್ರಶ್ನೆಯಾಗಿ ಕಾಣುವ ಈ ಸಂಗತಿ ವಾಸ್ತವವಾಗಿ ಪ್ರವೇಶದ ಹಕ್ಕಿನ ಪ್ರಶ್ನೆಯಾಗಿತ್ತು.

ಕಟ್ಟಡ ಸರ್ಕಾರದ್ದೇ ಆಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದೂ ಹೇಳುವಂತಿಲ್ಲ. ಇದಕ್ಕೆ ಧಾರವಾಡದ ಪ್ರಕರಣವೇ ಸಾಕ್ಷಿ. 1856ರಲ್ಲಿ ಮಹಾರ್ ಜಾತಿಯ ಬಾಲಕನೊಬ್ಬನು ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಬೇಡಿದನು, ಪ್ರವೇಶ ದೊರೆಯಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದನು. ನ್ಯಾಯವು ಅರ್ಜಿದಾರನ ಕಡೆಗೇ ಇದೆಯೆಂದು ಸರ್ಕಾರ ಒಪ್ಪಿತು. ಆದರೆ ಒಬ್ಬನಿಗಾಗಿ ಶಾಲೆ ಉಳಿದವರಿಗೆ ನಿರುಪಯುಕ್ತವಾದೀತೆಂಬ ಭಯದಿಂದ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಲಿಯು ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ತಿಳಿಸಿತು. ತತ್ತ್ವವೇನೋ ಸ್ಥಾಪಿತವಾಯಿತು, ಅದನ್ನು ಆಚರಣೆಗೆ ತರುವ ಹೊರೆಯನ್ನು ಮಾತ್ರ ಯಾರೂ ಹೊರಲಿಲ್ಲ. ಎಪ್ಪತ್ತು ವರ್ಷಗಳ ತರುವಾಯ, 1928ರಲ್ಲಿ, ಡಾ. ಅಂಬೇಡ್ಕರರು ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸಲ್ಲಿಸಿದ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಬೇಕಾಯಿತೆಂದರೆ, ಅದು ಹಳೆಯ ಸಂಗತಿಯಾಗಿ ಮುಗಿದುಹೋಗಿರಲಿಲ್ಲವೆಂಬುದು ಸ್ಪಷ್ಟ.

3

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸರ್ಕಾರದ ಹೊಣೆಯ ಕಲ್ಪನೆ ವಿಸ್ತಾರಗೊಂಡಿತು. ಬರೋಡ ಸಂಸ್ಥಾನವು 1906ರಲ್ಲಿ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದಿತು. ಗೋಖಲೆಯವರು 1911ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಮರುವರ್ಷ ಬಿದ್ದುಹೋಯಿತು. ಅದು ಬಿದ್ದ ಮರುವರ್ಷವೇ, ಎಂದರೆ 1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಪ್ರಾಥಮಿಕ ಶಿಕ್ಷಣ ಶಾಸನವು ಹೊರಟು, ಗೊತ್ತುಪಡಿಸಿದ ಸ್ಥಳಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿಯಾಯಿತು. ಅವರ ಆರು ವರ್ಷಗಳ ಆಡಳಿತದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಇಮ್ಮಡಿಗಿಂತಲೂ ಹೆಚ್ಚಾಯಿತು. 1915ರಲ್ಲಿ, ಜಾತಿಯ ಕಾರಣದಿಂದ ಸರ್ಕಾರಿ ಶಾಲೆಯಲ್ಲಿ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂಬ ಆಜ್ಞೆಯೂ ಹೊರಟಿತು. ಕೆಲವೆಡೆ ಪ್ರತಿಭಟನೆಗಳಾದರೂ ಸರ್ಕಾರ ಹಿಂಜರಿಯಲಿಲ್ಲ. ಧಾರವಾಡದಲ್ಲಿ ಬಿಟ್ಟ ಹೊರೆಯನ್ನು ಮೈಸೂರಿನಲ್ಲಿ ಎತ್ತಿಕೊಳ್ಳುವ ಪ್ರಯತ್ನ ಇದೆಂದು ನಾವು ಗ್ರಹಿಸಬಹುದು.

ವೆಚ್ಚ ಬೆಳೆದಂತೆಲ್ಲ ಹೊರೆಯನ್ನು ಇಳಿಸುವ ಆಲೋಚನೆಯೂ ಬಂದಿತು. 1930ರ ಶಾಸನದ ಮೂಲಕ ಮೈಸೂರಿನ ಪ್ರಾಥಮಿಕ ಶಿಕ್ಷಣವು ಸ್ಥಳೀಯ ಸಂಸ್ಥೆಗಳ ವಶವಾಯಿತು; 1941ರ ಶಾಸನದಿಂದ ಸರ್ಕಾರವು ಅದನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಹನ್ನೊಂದು ವರ್ಷಗಳ ಈ ಅನುಭವದಿಂದ ಸ್ಥಳೀಯ ಆಡಳಿತವೇ ದೋಷವೆಂದು ತೀರ್ಮಾನಿಸುವುದು ತಪ್ಪಾದೀತು. ಅಧಿಕಾರದೊಡನೆ ಹಣವೂ ಹೋಗದಿದ್ದರೆ ಹೊಣೆಯ ವರ್ಗಾವಣೆಯು ಹೊಣೆಯ ವಿಸರ್ಜನೆಯಾಗುತ್ತದೆಂಬುದೇ ಇದರ ಪಾಠ.

ಇದೇ ಕಾಲದಲ್ಲಿ, 1929ರಲ್ಲಿ, ಹಾರ್ಟಾಗ್ ಸಮಿತಿಯು ಬ್ರಿಟಿಷ್ ಭಾರತದ ಪ್ರಾಥಮಿಕ ಶಿಕ್ಷಣದಲ್ಲಾಗುತ್ತಿದ್ದ ಅಪವ್ಯಯವನ್ನು ವಿವರಿಸಿತು. ಸೇರಿದ ಮಕ್ಕಳಲ್ಲಿ ಬಹುಮಂದಿ ನಾಲ್ಕನೆಯ ತರಗತಿಯನ್ನು ಮುಟ್ಟುವುದಕ್ಕೆ ಮುಂಚೆಯೇ ಶಾಲೆ ಬಿಡುತ್ತಿದ್ದರು. ಸಮಿತಿಯು ಕಂಡ ಕಾರಣಗಳಲ್ಲಿ ಏಕೋಪಾಧ್ಯಾಯ ಶಾಲೆಯೂ ಒಂದು. ಒಬ್ಬರೇ ಮೇಷ್ಟರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಾಗ, ಒಂದು ತರಗತಿಗೆ ಪಾಠವಾದರೆ ಮೂರು ತರಗತಿಗಳಿಗೆ ಕಾಯುವಿಕೆ. ಮೇಷ್ಟರಿಗೆ ಜ್ವರ ಬಂದರೆ ಊರಿಗೇ ರಜ. ಮನೆಯಲ್ಲಿ ಓದಿಸುವವರಿದ್ದ ಮಗು ಇದನ್ನು ದಾಟಿತು. ಇಲ್ಲದ ಮಗು ದನ ಕಾಯಲು ಹೋಯಿತು.

4

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಐದು ಬಗೆಯ ಶಿಕ್ಷಣವ್ಯವಸ್ಥೆಗಳೂ ಒಂದು ಸರ್ಕಾರದ ಕೆಳಗೆ ಬಂದುವು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಅಧಿನಿಯಮವು ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ಕೊಟ್ಟಿತು. ಕಾನೂನು ಒಂದಾದರೂ ಅಡಿಪಾಯ ಒಂದೇ ಆಗಿರಲಿಲ್ಲ. ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ಸರ್ಕಾರದ ಶಿಕ್ಷಣ ಉರ್ದುವಿನ ಮೂಲಕ ನಡೆದಿದ್ದಿತು. ಕನ್ನಡದ ಮಕ್ಕಳಿಗೆ ಅದು ಪರಭಾಷೆ. ಈ ಅಂತರ ಬೇಗನೆ ಅಳಿಯಲಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದುವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದುವು.

ಕಟ್ಟಡ ಮತ್ತು ಉಪಾಧ್ಯಾಯರ ಕನಿಷ್ಠ ಮಟ್ಟವನ್ನು ದೇಶಕ್ಕೆಲ್ಲ ಗೊತ್ತುಮಾಡುವ ಪ್ರಯತ್ನ ನಡೆದುದು 1986ರ ರಾಷ್ಟ್ರೀಯ ಶಿಕ್ಷಣನೀತಿಯ ತರುವಾಯ. 1987ರಲ್ಲಿ ಆರಂಭವಾದ 'ಕಪ್ಪುಹಲಗೆ ಕಾರ್ಯಾಚರಣೆ'ಯು ಪ್ರತಿ ಪ್ರಾಥಮಿಕ ಶಾಲೆಗೂ ಎಲ್ಲ ಋತುಗಳಿಗೂ ಒದಗುವ ಎರಡು ಕೋಣೆಗಳು, ಇಬ್ಬರು ಉಪಾಧ್ಯಾಯರು, ಅಗತ್ಯವಾದ ಪಾಠೋಪಕರಣಗಳು ಇರಬೇಕೆಂದಿತು. ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿದ್ದರೆ ಉತ್ತಮವೆಂದಿತು. ರೈಸರ ಯೋಜನೆಯಿಂದ ಇಷ್ಟು ದೂರ ಬರಲು 119 ವರ್ಷಗಳು ಬೇಕಾದುವು.

5

ಇನ್ನು ಉಳಿದುದು ಮಗುವಿನ ಹೊಟ್ಟೆಯ ಹೊರೆ. ಇದನ್ನು ನಮ್ಮಲ್ಲಿ ಮೊದಲು ಹೊತ್ತವರು ಮಠಗಳು, ಜಾತಿಸಂಘಗಳ ವಿದ್ಯಾರ್ಥಿನಿಲಯಗಳು, ವಾರಾನ್ನ ಹಾಕಿದ ಗೃಹಿಣಿಯರು. ತುಮಕೂರಿನ ಬಳಿಯ ಸಿದ್ಧಗಂಗೆಯಂತಹ ಕ್ಷೇತ್ರಗಳ ಅನ್ನದಿಂದ ಓದಿದವರು ಅಸಂಖ್ಯಾತರು. ಆ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೆ ಹತ್ತಿರ ಅಂತಹ ಆಶ್ರಯವಿಲ್ಲದ ಮಗುವಿಗೆ ಅದು ದೊರೆಯಲಿಲ್ಲವೆಂಬುದೂ ಅಷ್ಟೇ ನಿಜ.

1960ರ ದಶಕದಲ್ಲಿ ಕೇರ್ ಸಂಸ್ಥೆಯ ನೆರವಿನಿಂದ ನಮ್ಮ ಶಾಲೆಗಳಲ್ಲಿ ಹಂಚಿದ ಉಪ್ಪಿಟ್ಟು, ಹಾಲುಪುಡಿಗಳ ನೆನಪು ಆ ತಲೆಮಾರಿನವರಲ್ಲಿ ಇಂದಿಗೂ ಉಂಟು. 1995ರ ಆಗಸ್ಟ್ 15ರಂದು ಕೇಂದ್ರದ ಪೌಷ್ಟಿಕ ಆಹಾರ ಕಾರ್ಯಕ್ರಮ ಆರಂಭವಾದರೂ ಅನೇಕ ರಾಜ್ಯಗಳಲ್ಲಿ ಮಗುವಿಗೆ ದೊರೆತುದು ತಿಂಗಳಿಗೆ ಮೂರು ಕಿಲೋಗ್ರಾಂ ಧಾನ್ಯ ಮಾತ್ರ. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರಲ್ಲಿ 'ಅಕ್ಷರ ದಾಸೋಹ'ವು ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. 2004ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯವು ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಆದ್ಯತೆ ಕೊಡಬೇಕೆಂದಿತು. ಇದರ ಅರ್ಥವನ್ನು ಧಾರವಾಡದ ಬಾಲಕನ ಪಕ್ಕದಲ್ಲಿಟ್ಟು ನೋಡಬೇಕು. ಯಾರ ಮಗುವಿಗೆ ಒಂದು ಕಾಲದಲ್ಲಿ ಶಾಲೆಯ ಬಾಗಿಲು ತೆರೆಯಲಿಲ್ಲವೋ ಅವರ ಕೈಯ ಅನ್ನವನ್ನು ಎಲ್ಲರ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕೆಂಬುದು ಅದರ ಅಭಿಪ್ರಾಯ. ಅದಕ್ಕೆ ಅಲ್ಲಲ್ಲಿ ಬಂದ ವಿರೋಧವು ಜಗಲಿಯ ಪ್ರಶ್ನೆ ಅಡುಗೆಕೋಣೆಗೆ ಬಂದು ನಿಂತಿದೆಯೆಂಬುದನ್ನು ತೋರಿಸುತ್ತದೆ.

6

2009ರ ಶಿಕ್ಷಣದ ಹಕ್ಕಿನ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಮೇಲೆ ವಿವರಿಸಿದ ಹೊರೆಗಳನ್ನು ಒಂದೇ ಅನುಸೂಚಿಯಲ್ಲಿ ಕೂಡಿಸಿತು. ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರು, ಉಪಾಧ್ಯಾಯರಿಗೊಂದು ಕೋಣೆ, ಕುಡಿಯುವ ನೀರು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಅಡುಗೆಮನೆ, ಆಟದ ಬಯಲು ಇವೆಲ್ಲ ಈಗ ಔದಾರ್ಯದ ವಿಷಯಗಳಲ್ಲ, ಕಾನೂನಿನ ಕನಿಷ್ಠಗಳು.

ಆದರೂ ಹಳೆಯ ಹಂಚಿಕೆಯ ಛಾಯೆ ಅಳಿದಿಲ್ಲ. ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರು ಅಲ್ಪ ಸಂಭಾವನೆಗೆ ದುಡಿಯುತ್ತಾರೆ. ಕೋಣೆಯ ದುರಸ್ತಿಗೆ ದಾನಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಹುಡುಕಲಾಗುತ್ತದೆ. ದಾನವನ್ನು ನಾವು ಹಳಿಯುತ್ತಿಲ್ಲ. ದಾನಿಗಳಿರುವ ಊರಿಗೆ ಕೋಣೆ ಬರುತ್ತದೆ. ಎಲ್ಲರೂ ಗುಳೆ ಹೋಗಿರುವ ಊರಿಗೆ ದಾನಿ ಎಲ್ಲಿಂದ ಬಂದಾನು? 1868ರಲ್ಲಿ ಮನೆ ಕೊಡಲಾರದ ಊರಿಗೆ ಬಂದ ಪ್ರಶ್ನೆಯೇ ಇದು. ಅಂದು ಬೊಕ್ಕಸದ ಬಡತನ ಅದಕ್ಕೊಂದು ಸಮಾಧಾನವಾಗಿತ್ತು. ಹಕ್ಕೆಂದು ಬರೆದಿಟ್ಟ ಮೇಲೆ ಆ ಸಮಾಧಾನ ಸಲ್ಲದು. ಒಂದು ಶಾಲೆಯ ಚರಿತ್ರೆಯನ್ನು ಬರೆಯಹೊರಡುವ ನಮ್ಮ ವಿದ್ಯಾರ್ಥಿಗಳು ಅದರ ಹಾಜರಿಪುಸ್ತಕವನ್ನು ನೋಡುವುದರ ಜೊತೆಗೆ ಅದರ ಸೂರು, ಬಾವಿ, ಒಲೆಗಳ ಲೆಕ್ಕವನ್ನೂ ಕೇಳಬೇಕು. ಹಾಜರಿಪುಸ್ತಕದಲ್ಲಿ ಹೆಸರೇ ಬರದ ಮಕ್ಕಳ ಚರಿತ್ರೆ ಅಲ್ಲಿ ದೊರೆಯುತ್ತದೆ.