ಗದ್ಯಭಾಗದ ಆಚೆ ಕಾಲಿಡಬೇಡಿ

ಬೇವಿನ ಹಿಂಡಿ ಹಾಕಿದ ಮಡಿಯಲ್ಲಿ ಹುಳು ಕಡಿಮೆ, ಹಾಕದ ಮಡಿಯಲ್ಲಿ ಹೆಚ್ಚು. ಪರೀಕ್ಷೆಯೊಂದು ಕೊಟ್ಟ ಗದ್ಯಭಾಗ ಇಷ್ಟೇ ಎಂದುಕೊಳ್ಳಿ. ಬೇವು ಹುಳುವನ್ನು ಕೊಲ್ಲುತ್ತದೆ ಎನ್ನಬಹುದೇ? ಹೊಲ ಬಲ್ಲವರು ಥಟ್ಟನೆ ಹೌದೆಂದಾರು. ಆದರೆ ಹುಳು ಸತ್ತಿತೋ, ಪಕ್ಕದ ಮಡಿಗೆ ದಾಟಿತೋ, ಎರಡೂ ಮಡಿಗೆ ನೀರು ಒಂದೇ ಸಮ ಸಿಕ್ಕಿತ್ತೋ, ಗದ್ಯ ಬಾಯಿಬಿಟ್ಟಿಲ್ಲ.

ಈ ಎಚ್ಚರ ನಮಗೆ ಹೊಸದಲ್ಲ. ಹೊಗೆ ಕಂಡರೆ ಬೆಂಕಿ ಇದೆಯೆಂದ ನ್ಯಾಯ ದರ್ಶನದ ತರ್ಕಿಗಳೇ, ಅಂದರೆ ನೈಯಾಯಿಕರೇ, ಬೆಂಕಿ ಕಂಡ ಮಾತ್ರಕ್ಕೆ ಹೊಗೆ ಇದೆ ಎನ್ನಬೇಡಿ ಎಂದರು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿ? ಹೊಗೆಗೆ ಹಸಿ ಕಟ್ಟಿಗೆಯೂ ಬೇಕು.

ಇದನ್ನು ಅಂಕಕ್ಕೆ ಇಳಿಸಿದ್ದು ಇಪ್ಪತ್ತನೇ ಶತಮಾನ. ಅಮೆರಿಕದ ಗುಡ್ವಿನ್ ವಾಟ್ಸನ್ 1920ರ ದಶಕದಲ್ಲಿ ಆರಂಭಿಸಿದ, ವಿಮರ್ಶಾತ್ಮಕ ಚಿಂತನೆಯನ್ನು ಅಳೆಯುವ ಕೆಲಸವನ್ನು ಎಡ್ವರ್ಡ್ ಗ್ಲೇಸರ್ ಮುಂದುವರಿಸಿದರು. ಅವರ ಪರೀಕ್ಷೆಯ ಅನುಮಾನದ, ಅಂದರೆ ಕೊಟ್ಟದ್ದರಿಂದ ತೀರ್ಮಾನಕ್ಕೆ ಬರುವ, ವಿಭಾಗದಲ್ಲಿ ಐದು ಉತ್ತರ: ನಿಜ, ಬಹುಶಃ ನಿಜ, ಮಾಹಿತಿ ಸಾಲದು, ಬಹುಶಃ ಸುಳ್ಳು, ಸುಳ್ಳು. ನಡುವಿನದೇ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ಕೊಡುಗೆ. ಗೊತ್ತಿಲ್ಲ ಎನ್ನುವುದಕ್ಕೂ ಅಂಕ ಸಿಕ್ಕಿತು!

ಆ ನಡುವೆ, 1931–32ರಲ್ಲಿ, ಸೋವಿಯತ್ ಮನಶ್ಶಾಸ್ತ್ರಜ್ಞ ಲೂರಿಯಾ ಉಜ್ಬೇಕಿಸ್ತಾನದ ರೈತರ ಮುಂದೆ ಒಂದು ಒಗಟು ಇಟ್ಟಿದ್ದರು. ಹಿಮ ಬೀಳುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಜೆಮ್ಲ್ಯಾ ಅಲ್ಲೇ ಇದೆ. ಅಲ್ಲಿನ ಕರಡಿಯ ಬಣ್ಣ ಯಾವುದು? ಶಾಲೆ ಕಾಣದ ಹಲವರು, ಕಾಣದ್ದನ್ನು ಹೇಗೆ ಹೇಳಲಿ ಎಂದು ಕೈಚೆಲ್ಲಿದರು. ಅವರು ದಡ್ಡರಾಗಿರಲಿಲ್ಲ, ಹೇಳಿದ ಮಾತನ್ನಷ್ಟೇ ನಂಬಿ ಲೆಕ್ಕ ಹಾಕುವ ಆಟ ಶಾಲೆ ಕಲಿಸಿಕೊಡುವಂಥದ್ದು.

ಈ ಆಟ ಪ್ರವೇಶ ಪರೀಕ್ಷೆಗಳಿಗೂ ಬಂತು. 1959ರಲ್ಲಿ ಅಯೋವಾದಲ್ಲಿ ಶುರುವಾದ, ಅಮೆರಿಕದ ಕಾಲೇಜು ಪ್ರವೇಶದ ಎಸಿಟಿ ಪರೀಕ್ಷೆಯಲ್ಲಿ ಮೊದಲು ಇದ್ದದ್ದು ವಿಜ್ಞಾನದ ಓದು. 1989ರಲ್ಲಿ ಅದು 'ವಿಜ್ಞಾನ ತರ್ಕ'ವಾಯಿತು: ಕೋಷ್ಟಕ, ನಕ್ಷೆ, ಪ್ರಯೋಗಗಳ ಸಾರಾಂಶ, ಜಗಳವಾಡುವ ಎರಡು ಸಿದ್ಧಾಂತ. 2025ರಲ್ಲಿ ಆ ಭಾಗ ಐಚ್ಛಿಕವಾಯಿತು.

ನಮ್ಮಲ್ಲಿ 2011ರಲ್ಲಿ ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ ಸಿಸ್ಯಾಟ್ ಎಂಬ ಸಾಮರ್ಥ್ಯ ಪರೀಕ್ಷೆಯ ಪತ್ರಿಕೆ ಬಂತು. ಅಲ್ಲಿ ಹವಾಮಾನ, ಬೆಳೆ, ಜೀವವೈವಿಧ್ಯದ ಗದ್ಯಗಳು ಸಾಮಾನ್ಯ. ಉತ್ತರಕ್ಕೆ ಗದ್ಯವೊಂದೇ ಆಧಾರ ಎಂಬ ಸೂಚನೆ ಇದ್ದೇ ಇರುತ್ತದೆ. ಹೀಗಾಗಿ ಪೆಟ್ಟು ತಿನ್ನುವವರಲ್ಲಿ ಬಿಎಸ್ಸಿ ಅಗ್ರಿ ಓದಿದವರೂ ಇರುತ್ತಾರೆ: ಆಯ್ಕೆಯ ಮಾತು ಲೋಕದಲ್ಲಿ ನಿಜ, ಗದ್ಯದಲ್ಲಿ ಮಾತ್ರ ಇಲ್ಲ. 'ಮಾತ್ರ', 'ಯಾವಾಗಲೂ' ಕಂಡರೆ ಹುಷಾರು ಎಂದು ಕೋಚಿಂಗಿನವರು ಹೇಳಿಕೊಡುತ್ತಾರೆ. ಅದು ಪದ ಬೇಟೆ, ತರ್ಕವಲ್ಲ.

2014ರಲ್ಲಿ ದೆಹಲಿಯಲ್ಲಿ ಸಿಸ್ಯಾಟ್ ವಿರುದ್ಧ ಪ್ರತಿಭಟನೆ ಎದ್ದಿತು. ಹಿಂದಿ ಅನುವಾದದಲ್ಲಿ ಉಕ್ಕಿನ ಸ್ಥಾವರ (ಸ್ಟೀಲ್ ಪ್ಲಾಂಟ್) ಕಬ್ಬಿಣದ ಗಿಡವಾಗಿತ್ತೆಂಬುದು ಆಗ ಮನೆಮಾತು. ಮರುವರ್ಷ ಪತ್ರಿಕೆ ಶೇ 33 ಪಡೆದರೆ ಸಾಕಾಗುವ ಅರ್ಹತಾ ಪರೀಕ್ಷೆಯಾಯಿತು. ಕನ್ನಡದವರಿಗೆ ಕೆಟ್ಟ ಅನುವಾದದ ಭಾಗ್ಯವೂ ಇಲ್ಲ. ಮೇನ್ಸ್ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಪ್ರಿಲಿಮ್ಸ್‌ನ ಗದ್ಯವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಓದಿಯೇ ಅನುಮಾನಕ್ಕೆ ಇಳಿಯಬೇಕು.